ಮೂರನೇ ವರ್ಷದ ಪ್ರಾಸ್ಥೊ ಪೋಸ್ಟಿಂಗ್‌ಗೆ ಹೋಗುವ ಮುಂಚೆ ಕೈಗೆ ಏನೇನು ಬಂದಿರಬೇಕು?

ಅರಕಲಗೂಡು_ಬಿಡಿಎಸ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿಡಿಎಸ್ ಓದುತ್ತಿದ್ದೇನೆ. ಎರಡನೇ ವರ್ಷದ ಪ್ರೀಕ್ಲಿನಿಕಲ್ ಪ್ರಾಸ್ಥೊ ಪರೀಕ್ಷೆ ಮುಗಿಯಿತು. ಮುಂದಿನ ತಿಂಗಳಿಂದ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ನಿಜವಾದ ರೋಗಿಗಳ ಮೇಲೆ ಕೆಲಸ. ನಮ್ಮ ಬ್ಯಾಚ್‌ಗೆ ಮೊದಲ ಪಾಳಿಯೇ ಪ್ರಾಸ್ಥೊ, ಅಂದರೆ ಹಲ್ಲಿನ ಸೆಟ್ ಕಟ್ಟುವ ವಿಭಾಗ.

ಲ್ಯಾಬಿನ ಕೆಲಸ ನನಗೆ ಕಷ್ಟ ಅನ್ನಿಸಿಲ್ಲ. ರಿಮ್ (ಹಲ್ಲು ಕೂರಿಸುವ ಮೇಣದ ಕಟ್ಟೆ) ಮಾಡುವುದು, ಹಲ್ಲು ಜೋಡಿಸುವುದು, ಮೇಣದಲ್ಲಿ ಒಸಡು ಕೆತ್ತುವುದು ಎಲ್ಲಾ ಪರವಾಗಿಲ್ಲ. ಆದರೆ ಹೋದ ವಾರ ಸೀನಿಯರ್ ಒಬ್ಬರ ಪಕ್ಕ ನಿಂತು ನೋಡಿದೆ. ಬಾಯಿಯ ಅಚ್ಚು ತೆಗೆಯುವ ಕೆಳಗಿನ ಟ್ರೇ ಇಟ್ಟ ತಕ್ಷಣ ಅಜ್ಜಿಯ ನಾಲಿಗೆ ಅದನ್ನು ಎತ್ತಿ ಹೊರಗೆ ತಳ್ಳಿತು. ಜೊಲ್ಲು, ಕೆಮ್ಮು, ಕಣ್ಣಲ್ಲಿ ನೀರು. ನಾವು ಎರಡು ವರ್ಷ ಕೆಲಸ ಮಾಡಿದ ಪ್ಲಾಸ್ಟರ್ ಮಾಡೆಲ್‌ಗೆ ನಾಲಿಗೆಯೇ ಇರಲಿಲ್ಲವಲ್ಲ!

ಈ ಮಧ್ಯದ ದಿನಗಳಲ್ಲಿ ಏನು ಮಾಡಿದರೆ ಒಳ್ಳೆಯದು? ಯಾರ ಮೇಲೆ ಅಭ್ಯಾಸ ಮಾಡುವುದು? ರೋಗಿಯ ಹತ್ತಿರ ಹೇಗೆ ಮಾತಾಡುವುದು? ಪುಸ್ತಕ ಓದು ಅಂತ ಮಾತ್ರ ಹೇಳಬೇಡಿ, ಅದನ್ನು ಮೇಡಂ ಆಗಲೇ ಹೇಳಿದ್ದಾರೆ.

ಇಂಟರ್ನ್_ವಿದ್ಯಾನಗರ

ತಂಗಿ, ಮೊದಲು ನೀನೇ ಚೇರಿನಲ್ಲಿ ಕೂತು ಗೆಳತಿಯ ಕೈಯಲ್ಲಿ ಆಲ್ಜಿನೇಟ್ ಇಂಪ್ರೆಷನ್ (ನೀರಲ್ಲಿ ಕಲಸುವ ಪುಡಿಯಿಂದ ಬಾಯಿಯ ಅಚ್ಚು) ತೆಗೆಸಿಕೋ. ಮೇಲಿನದೂ ಬೇಕು, ಕೆಳಗಿನದೂ ಬೇಕು. ಟ್ರೇಯ ಹಿಂದಿನ ಅಂಚಿನಿಂದ ಆ ಮುದ್ದೆ ಗಂಟಲ ಕಡೆ ಜಾರುವಾಗ ಹೇಗಿರುತ್ತದೆ ಅಂತ ಒಮ್ಮೆ ಗೊತ್ತಾಗಲಿ. ಆಮೇಲೆ ರೋಗಿಗೆ "ಸ್ವಲ್ಪ ತಡ್ಕೊಳ್ಳಿ ಅಜ್ಜಿ" ಅನ್ನುವಾಗ ನಿನ್ನ ದನಿಯೇ ಬೇರೆ ಇರುತ್ತದೆ.

ಇನ್ನು ನಿಲ್ಲುವ ಜಾಗ. ಮೇಲಿನ ದವಡೆಗೆ ರೋಗಿಯ ಬಲಗಡೆ ಹಿಂದೆ ನಿಲ್ಲಬೇಕು, ಬಾಯಿ ನಿನ್ನ ಮೊಣಕೈ ಮಟ್ಟಕ್ಕೆ ಬರಬೇಕು. ಕೆಳಗಿನದಕ್ಕೆ ಬಲಗಡೆ ಮುಂದೆ, ಬಾಯಿ ಭುಜದ ಮಟ್ಟಕ್ಕೆ. ಚೇರ್ ಏರಿಸಿ ಇಳಿಸಿ ಮಾಡದೆ ಹಾಗೇ ಬಗ್ಗಿ ನಿಂತರೆ ಕೈ ನಡುಗುತ್ತದೆ, ಟ್ರೇ ಓರೆ ಕೂರುತ್ತದೆ. ಲ್ಯಾಬಿನ ಬೆಂಚಿನ ಮುಂದೆ ಸ್ಟೂಲ್ ಮೇಲೆ ಕೂತು ಕೆಲಸ ಮಾಡಿದವರಿಗೆ ಇದು ತೋಚುವುದೇ ಇಲ್ಲ.

ವಾಂತಿ ಬರುವ ಹಾಗೆ ಆಗುವವರಿಗೆ ನೆಟ್ಟಗೆ ಕೂರಿಸಿ ತಲೆ ಸ್ವಲ್ಪ ಮುಂದೆ ಬಾಗಿಸು. ಮೂಗಿನಲ್ಲಿ ಉಸಿರಾಡಲು ಹೇಳು. ಸಾಮಗ್ರಿ ಕಡಿಮೆ ಹಾಕು. ಟ್ರೇಯ ಹಿಂದಿನ ಭಾಗ ಮೊದಲು ಕೂರಿಸಿ ಆಮೇಲೆ ಮುಂದಿನದನ್ನು ಒತ್ತಿದರೆ ಹೆಚ್ಚಾದದ್ದು ಗಂಟಲಿಗೆ ಹೋಗದೆ ಮುಂದೆ ಬರುತ್ತದೆ. ನೀರು ತಣ್ಣಗಿದ್ದರೆ ಆಲ್ಜಿನೇಟ್ ನಿಧಾನ ಗಟ್ಟಿಯಾಗುತ್ತದೆ, ಬೆಚ್ಚಗಿದ್ದರೆ ಬೇಗ. ಹೊಸಬರು ತಣ್ಣೀರು ಅಂತ ಹೋಗುತ್ತಾರೆ, ಕಲಸಲು ಟೈಮ್ ಸಿಗಲಿ ಅಂತ. ಆದರೆ ಆ ಟೈಮ್ ಪೂರ್ತಿ ರೋಗಿ ಬಾಯಿ ತೆರೆದು ಕೂರಬೇಕು, ಅದೂ ನೆನಪಿರಲಿ.

ಆಲೂರು_ಫೈನಲ್_ಇಯರ್

ಗೆಳತಿಯ ಬಾಯಲ್ಲಿ ಅಭ್ಯಾಸ ಮಾಡಿ ಏನು ಬಂತು ಅಣ್ಣ? ಅವಳಿಗೆ ಮೂವತ್ತೆರಡು ಹಲ್ಲಿದೆ. ಟ್ರೇ ಹಲ್ಲಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬೊಚ್ಚು ಬಾಯಲ್ಲಿ ಏನಿದೆ? ಕೆಳಗಿನ ರಿಡ್ಜ್ (ಹಲ್ಲಿದ್ದ ಜಾಗದ ದಿಬ್ಬ) ಸವೆದು ಚಪ್ಪಟೆಯಾಗಿರುತ್ತದೆ, ಮೇಲೆ ಒಸಡು ಮೆತ್ತಗೆ ಓಲಾಡುತ್ತದೆ, ಟ್ರೇಗೆ ಆಧಾರವೇ ಇಲ್ಲ. ಹಲ್ಲಿರುವವರ ಮೇಲೆ ಮಾಡಿದ್ದು ನನಗೆ ಸೆಟ್ ಕೇಸಿನಲ್ಲಿ ಒಂದು ಚೂರೂ ಉಪಯೋಗಕ್ಕೆ ಬರಲಿಲ್ಲ.

ನಿಜವಾದ ಕಷ್ಟ ಪೇಷೆಂಟ್ ಸಿಗುವುದು. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಸಕಲೇಶಪುರ, ಆಲೂರು ಕಡೆಯವರು ಬರುವುದೇ ಇಲ್ಲ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಯರಿಗೆ ಬಸ್ ಚಾರ್ಜ್ ಚಿಂತೆ ಇಲ್ಲ, ಕರೆದಾಗ ಬರುತ್ತಾರೆ. ತಾತಂದಿರು ಒಂದೊಂದು ಸಲಕ್ಕೂ ಬಸ್ಸಿನ ದುಡ್ಡು ಲೆಕ್ಕ ಹಾಕುತ್ತಾರೆ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ, ಜಾ ರಿಲೇಷನ್ (ಮೇಲಿನ ಕೆಳಗಿನ ದವಡೆಯ ಹೊಂದಿಕೆ ಗುರುತಿಸುವ ಹಂತ) ಆದ ಮೇಲೆ ಮಾಯವಾದ ತಾತಂದಿರು ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ಇದ್ದಾರೆ.

ಬೇಲೂರು_ರಸ್ತೆ_ಕ್ಲಿನಿಕ್

ಫೈನಲ್ ಇಯರ್ ಅವರ ಮಾತು ಅರ್ಧ ಒಪ್ಪುತ್ತೇನೆ. ಸಹಪಾಠಿಯ ಬಾಯಲ್ಲಿ ಸೆಟ್ಟಿನ ಇಂಪ್ರೆಷನ್ ಕಲಿಯಲು ಆಗುವುದಿಲ್ಲ. ಆದರೆ ಬಾಯಿ ಹೇಗೆ ಅಲುಗಾಡುತ್ತದೆ ಅನ್ನುವುದನ್ನು ಅಲ್ಲೇ ಕಲಿಯಬೇಕು. ಅದನ್ನೂ ರೋಗಿಯ ಮೇಲೆ ಕಲಿಯಲು ಹೋದರೆ, ನೀವು ಯೋಚನೆ ಮಾಡುವಷ್ಟರಲ್ಲಿ ಟ್ರೇಯ ಅಂಚಿಗೆ ಕಾಯಿಸಿ ಹಚ್ಚುವ ಗ್ರೀನ್ ಸ್ಟಿಕ್ ಗಟ್ಟಿಯಾಗಿರುತ್ತದೆ.

ಹೀಗೆ ಮಾಡಮ್ಮ. ಗ್ಲೌಸ್ ಹಾಕಿಕೊಂಡು ಗೆಳತಿಯ ಕೆಳದವಡೆಯ ಹೊರಗಡೆ, ಕೆನ್ನೆಗೂ ಒಸಡಿಗೂ ನಡುವಿನ ಸಂದಿಯಲ್ಲಿ ತೋರುಬೆರಳಿಡು. ಹಿಂದಕ್ಕೆ ಸರಿಸುತ್ತಾ ಹೋಗು. ಇನ್ನೊಂದು ಕೈಯಿಂದ ಗದ್ದವನ್ನು ಕೆಳಕ್ಕೆ ಒತ್ತಿ ಹಿಡಿದು, ಅವಳಿಗೆ ಬಾಯಿ ಮುಚ್ಚಲು ಹೇಳು. ಮಸೆಟರ್ ಸ್ನಾಯು ಉಬ್ಬಿ ಕೆನ್ನೆಯನ್ನು ಒಳಕ್ಕೆ ನೂಕುತ್ತದೆ, ಬೆರಳಿಗೆ ಅದು ತಾಗುತ್ತದೆ. ಸೆಟ್ಟಿನ ಅಂಚು ಅಲ್ಲಿ ಜಾಗ ಬಿಡದಿದ್ದರೆ ಅಜ್ಜಿ ಕಚ್ಚಿದಾಗಲೆಲ್ಲ ಸೆಟ್ ಎದ್ದು ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಮಸೆಟರಿಕ್ ನಾಚ್ ಅಂದರೆ ಇದೇ.

ಈಗ ಬೆರಳನ್ನು ನಾಲಿಗೆಯ ಕಡೆ ಇಡು. ನಾಲಿಗೆ ಹೊರಗೆ ಚಾಚಲು ಹೇಳು, ಮೇಲಿನ ತುಟಿಯನ್ನು ಈ ಕಡೆಯಿಂದ ಆ ಕಡೆಗೆ ನೆಕ್ಕಲು ಹೇಳು. ಬಾಯಿಯ ತಳವೇ ಎದ್ದು ಬೆರಳನ್ನು ಮೇಲಕ್ಕೆ ತರುತ್ತದೆ. ಮೇಲಿನ ದವಡೆಯಲ್ಲಿ ಹಿಂದಿನ ಸಂದಿಯಲ್ಲಿ ಬೆರಳಿಟ್ಟು, ಬಾಯಿ ಅಗಲಿಸಿ ದವಡೆಯನ್ನು ಎಡಕ್ಕೆ ಬಲಕ್ಕೆ ಆಡಿಸಲು ಹೇಳು. ಕೆಳದವಡೆಯ ಕೊರೊನಾಯ್ಡ್ ಅನ್ನುವ ಮೂಳೆಚಾಚು ಬಂದು ಬೆರಳಿಗೆ ತಾಗುತ್ತದೆ. ಕನ್ನಡಿ ಹಿಡಿದು "ಆ, ಆ" ಅಂತ ಬಿಟ್ಟು ಬಿಟ್ಟು ಹೇಳಿಸಿ ಅಂಗುಳಿನ ಹಿಂಭಾಗ ನೋಡು. ಯಾವ ಗೆರೆಯಿಂದಾಚೆಗೆ ಅದು ಅಲುಗುತ್ತದೆಯೋ ಅದೇ ವೈಬ್ರೇಟಿಂಗ್ ಲೈನ್. ಮೇಲಿನ ಸೆಟ್ ಅಲ್ಲಿಗೆ ಮುಗಿಯಬೇಕು. ಇದಕ್ಕೆ ಖರ್ಚು ಒಂದು ಜೊತೆ ಗ್ಲೌಸ್, ಅಷ್ಟೇ.

ಗ್ರೀನ್ ಸ್ಟಿಕ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೂರನೇ ವರ್ಷದವರು ಜಾಸ್ತಿ ಹೆದರುವುದು ಇದಕ್ಕೇ. ಸ್ಪಿರಿಟ್ ಲ್ಯಾಂಪಿನ ಉರಿಯಲ್ಲಿ ಕಡ್ಡಿಯನ್ನು ತಿರುಗಿಸುತ್ತಾ ಕಾಯಿಸಬೇಕು. ತುದಿ ಬಾಗಲು ಶುರುವಾದಾಗ ತೆಗೆ, ತೊಟ್ಟಿಕ್ಕುವವರೆಗೆ ಕಾಯಬೇಡ. ಒಣಗಿದ ಟ್ರೇಯ ಅಂಚಿಗೆ ಹಚ್ಚು, ಒದ್ದೆ ಬೆರಳಲ್ಲಿ ರೂಪ ಕೊಡು. ಮತ್ತೆ ಸ್ವಲ್ಪ ಉರಿ ತೋರಿಸು. ಆಮೇಲೆ ಬೆಚ್ಚನೆ ನೀರಿನಲ್ಲಿ ಅದ್ದಲೇಬೇಕು. ಉರಿಯಿಂದ ನೇರವಾಗಿ ಬಾಯಿಗೆ ಹೋದರೆ ಒಸಡು ಸುಡುತ್ತದೆ, ಆ ರೋಗಿ ಮತ್ತೆ ನಿಮ್ಮ ಮುಂದೆ ಬಾಯಿ ತೆರೆಯುವುದಿಲ್ಲ. ನೀರಿನಿಂದ ಬಾಯಿ, ಬಾಯಲ್ಲಿ ತುಟಿ ಕೆನ್ನೆಗಳ ಆಟ, ಹೊರಗೆ ತೆಗೆದು ತಣ್ಣೀರು. ಸರಿಯಾಗಿ ಆಗಿದ್ದರೆ ಅಂಚು ದುಂಡಗೆ, ಹೊಳಪಿಲ್ಲದೆ ಮಂಕಾಗಿ ಕಾಣುತ್ತದೆ. ಇನ್ನೂ ಹೊಳೆಯುತ್ತಿದ್ದರೆ ಕೆನ್ನೆ ಅಲ್ಲಿಗೆ ತಾಗಿಯೇ ಇಲ್ಲ ಅಂತ ಅರ್ಥ.

ಪ್ಲಾಸ್ಟರ್ ಮಾಡೆಲ್ ಮೇಲೆ ಸ್ಪೆಷಲ್ ಟ್ರೇ (ಆ ಬಾಯಿಯ ಅಳತೆಗೇ ಮಾಡುವ ಟ್ರೇ) ಮಾಡಿ, ಉರಿ, ನೀರು, ಟ್ರೇ, ಈ ಸುತ್ತನ್ನು ಕೈ ತಾನಾಗಿ ಓಡುವವರೆಗೆ ಮಾಡು. ಕೈಗೆ ಅಭ್ಯಾಸವಾದರೆ ಕಣ್ಣು ರೋಗಿಯ ಮುಖದ ಮೇಲಿರುತ್ತದೆ. ಇಲ್ಲದಿದ್ದರೆ ಕಣ್ಣೆಲ್ಲಾ ಲ್ಯಾಂಪಿನ ಮೇಲೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಬ್ಬ ರೋಗಿಯನ್ನು ಮೊದಲ ದಿನದಿಂದ ಕೊನೆಯವರೆಗೆ ನೋಡು. ನಮ್ಮ ಹುಡುಗರು ಸೋಮವಾರ ಒಬ್ಬರ ಇಂಪ್ರೆಷನ್ ನೋಡುತ್ತಾರೆ, ಬುಧವಾರ ಇನ್ನೊಬ್ಬರ ಟ್ರೈ ಇನ್ (ಮೇಣದಲ್ಲಿ ಜೋಡಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡುವ ಹಂತ) ನೋಡುತ್ತಾರೆ. ಆ ಇಂಪ್ರೆಷನ್ನಿನ ಅಂಚು ಒಂದು ಕಡೆ ಉದ್ದವಾಗಿದ್ದಕ್ಕೆ ಸೆಟ್ ಕೊಟ್ಟ ಮರುದಿನ ಅದೇ ಜಾಗದಲ್ಲಿ ಹುಣ್ಣಾಯಿತು ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಒಬ್ಬ ಸೀನಿಯರನ್ನು ಹಿಡಿ, ಅವರ ಒಂದು ಕೇಸಿಗೆ ಪೂರ್ತಿ ಅಸಿಸ್ಟ್ ಮಾಡು. ನೀರು ಬಿಸಿ ಮಾಡಿಕೊಡು, ಪೇಸ್ಟ್ ಕಲಸಿಕೊಡು, ಅಜ್ಜಿಯ ತುಟಿಗೆ ವ್ಯಾಸಲೀನ್ ಹಚ್ಚು, ಇಲ್ಲವಾದರೆ ಜಿಂಕ್ ಆಕ್ಸೈಡ್ ಪೇಸ್ಟ್ ಚರ್ಮಕ್ಕೆ ಅಂಟಿ ಬಿಡುವುದಿಲ್ಲ. ಸೆಟ್ ಕೊಟ್ಟ ಮೇಲೆ ಮರುದಿನದ ಚೆಕಪ್‌ಗೂ ಹೋಗು. ಅಲ್ಲಿ ಯಾರೂ ಇರುವುದಿಲ್ಲ, ಕಾರ್ಡಿಗೆ ಸೈನ್ ಬಿದ್ದಾಗಿದೆ ಅಂತ. ನಾನು ಕೇಳಿದರೆ ಕಲಿಕೆ ಇರುವುದೇ ಅಲ್ಲಿ.

ಲ್ಯಾಬ್_ಮೂಲೆ

ನಾನು ಡೆಂಟಲ್ ಟೆಕ್ನಿಷಿಯನ್. ಡಾಕ್ಟರ್ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಸ್ಟೂಡೆಂಟ್ ಕೆಲಸ ಲ್ಯಾಬಿಗೆ ಬಂದಾಗ ನಾವು ಮೊದಲು ನೋಡುವುದು ಕಾಸ್ಟಿನ (ಇಂಪ್ರೆಷನ್ನಿಗೆ ಸುರಿದು ಮಾಡಿದ ಮಾಡೆಲಿನ) ಅಂಚು. ಇಂಪ್ರೆಷನ್ನಿನಲ್ಲಿ ಅಷ್ಟು ಕಷ್ಟಪಟ್ಟು ಅಂಚು ಮಾಡಿರುತ್ತಾರೆ, ಬೀಡಿಂಗ್ ಬಾಕ್ಸಿಂಗ್ (ಅಂಚಿನ ಸುತ್ತ ಮೇಣದ ಕಟ್ಟೆ ಕಟ್ಟುವುದು) ಮಾಡದೆ ಸ್ಟೋನ್ (ಗಟ್ಟಿ ಪ್ಲಾಸ್ಟರ್) ಸುರಿದಿರುತ್ತಾರೆ. ಟ್ರಿಮ್ಮರ್‌ಗೆ ಹಿಡಿದಾಗ ಆ ಅಂಚೇ ಹೋಗುತ್ತದೆ. ಆಮೇಲೆ ಸೆಟ್ ಲೂಸ್ ಅಂತ ಲ್ಯಾಬಿಗೆ ಬೈಗುಳ.

ಆಲ್ಜಿನೇಟ್ ಇಂಪ್ರೆಷನ್ ತೆಗೆದು ಊಟಕ್ಕೆ ಹೋಗಬೇಡಿ. ಗಾಳಿಗೆ ಇಟ್ಟರೆ ನೀರು ಬಿಟ್ಟು ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿದರೆ ಊದುತ್ತದೆ. ತೊಳೆದು ತಕ್ಷಣ ಪ್ಲಾಸ್ಟರ್ ಸುರಿಯಬೇಕು. ಬಿಸಿಯಿಲ್ಲದೆ ತಾನಾಗಿ ಗಟ್ಟಿಯಾಗುವ ಸೆಲ್ಫ್ ಕ್ಯೂರ್ ಸ್ಪೆಷಲ್ ಟ್ರೇಯದ್ದು ಉಲ್ಟಾ. ಬೆಳಿಗ್ಗೆ ರೋಗಿ ಬರುತ್ತಾರೆ ಅಂತ ಬೆಳಿಗ್ಗೆಯೇ ಮಾಡಬೇಡಿ. ಗಟ್ಟಿಯಾದ ಮೇಲೂ ಅದು ಗಂಟೆಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಹಿಂದಿನ ದಿನ ಮಾಡಿಡಿ. ಅಂಚು ಸಂದಿಯ ತಳದಿಂದ 2 ಮಿ.ಮೀ. ಕಡಿಮೆ ಇರಲಿ, ಗ್ರೀನ್ ಸ್ಟಿಕ್‌ಗೆ ಜಾಗ ಬೇಕಲ್ಲ.

ರಿಮ್ ವಿಷಯ. ಪರೀಕ್ಷೆಗೆ ಮೇಲಿನದು ಮುಂದೆ 22 ಮಿ.ಮೀ., ಕೆಳಗಿನದು 18 ಅಂತ ಕಲಿತಿರುತ್ತೀರಿ. ಅದು ಶುರು ಮಾಡುವ ಅಳತೆ, ರೋಗಿಯ ಬಾಯಲ್ಲಿ ಕರಗಿಸಿ ಸೇರಿಸಿ ಸರಿ ಮಾಡಬೇಕಾದ್ದು. ಎಷ್ಟೋ ಕೇಸು ಅದೇ 22, ಅದೇ 18 ಹಾಗೇ ಬರುತ್ತವೆ, ಬಾಯಿಗೆ ಹೋಗಿ ಬಂದ ಗುರುತೇ ಇರುವುದಿಲ್ಲ. ಬೈಟ್ (ದವಡೆಗಳು ಕೂಡುವ ಹೊಂದಿಕೆ) ತಪ್ಪಿದ್ದರೆ ನಾವು ಎಷ್ಟು ಚೆಂದ ಹಲ್ಲು ಜೋಡಿಸಿದರೂ ಅಷ್ಟೇ.

ಇನ್ನೊಂದು, ಬೇಸಿಗೆಯಲ್ಲಿ ಶೆಲ್ಲಾಕ್ ಬೇಸ್ (ರಿಮ್ ಕೂರುವ ಅರಗಿನ ತಟ್ಟೆ) ಮತ್ತು ರಿಮ್ಮನ್ನು ಬ್ಯಾಗಲ್ಲಿ ಹಾಕಿಕೊಂಡು ಹಾಸ್ಟೆಲಿಗೆ ಒಯ್ಯಬೇಡಿ. ಬಸ್ಸಿನ ಕಿಟಕಿ ಪಕ್ಕ ಸೊಟ್ಟಗಾದದ್ದನ್ನು ಮರುದಿನ ಕಾಸ್ಟ್ ಮೇಲೆ ಒತ್ತಿ ಕೂರಿಸುತ್ತಾರೆ, ಅದು ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ.

ಅರಕಲಗೂಡು_ಬಿಡಿಎಸ್

ಅಣ್ಣ, ಪ್ರೀಕ್ಲಿನಿಕ್‌ನಲ್ಲಿ ಕ್ಯೂರಿಂಗ್ (ಸೆಟ್ಟಿನ ಅಕ್ರಿಲಿಕ್ ಅನ್ನು ಬಿಸಿನೀರಲ್ಲಿಟ್ಟು ಗಟ್ಟಿ ಮಾಡುವುದು) ನಮಗೆ ಮಾಡಲು ಬಿಟ್ಟಿರಲಿಲ್ಲ, ದೂರದಿಂದ ನೋಡಿದ್ದೇವೆ. ಅದನ್ನೂ ಕಲಿಯಬೇಕಾ?

ಲ್ಯಾಬ್_ಮೂಲೆ

ಒಂದು ಸಲ ಪಕ್ಕದಲ್ಲಿ ನಿಂತು ನೋಡಿದರೆ ಸಾಕು, ಆದರೆ ನೋಡಲೇಬೇಕು. ಅಕ್ರಿಲಿಕ್ ಕಲಸುವ ದ್ರವ, ಅಂದರೆ ಮೊನೊಮರ್, 100.8 ಡಿಗ್ರಿಗೆ ಕುದಿಯುತ್ತದೆ. ಅವಸರಕ್ಕೆ ನೇರ ಕುದಿಯುವ ನೀರಿಗೆ ಹಾಕಿದರೆ ಅಕ್ರಿಲಿಕ್ ಒಳಗಿನ ಬಿಸಿ ಅದನ್ನೂ ಮೀರುತ್ತದೆ, ದಪ್ಪ ಇರುವ ಕಡೆ ಗುಳ್ಳೆ ಬೀಳುತ್ತದೆ. ಅದಕ್ಕೇ 74 ಡಿಗ್ರಿಯಲ್ಲಿ 8 ಗಂಟೆ ಇಡುವ ನಿಧಾನದ ಪದ್ಧತಿ ಇರುವುದು. "ಇವತ್ತು ಟ್ರೈ ಇನ್, ನಾಳೆ ಸೆಟ್ ಕೊಡುತ್ತೇವೆ" ಅಂತ ರೋಗಿಗೆ ಮಾತು ಕೊಡುವ ಮುಂಚೆ ಇದು ತಲೆಯಲ್ಲಿರಲಿ.

ಸಕಲೇಶಪುರ_ಸೊಸೆ

ನಾನು ಡಾಕ್ಟರ್ ಅಲ್ಲ, ನಮ್ಮ ಅತ್ತೆಯ ಕಥೆ ಹೇಳಬಹುದಾ? ರೋಗಿಯ ಕಡೆಯವರು ಏನು ನೋಡುತ್ತಾರೆ ಅಂತ ಗೊತ್ತಾಗಲಿ ಅಂತ.

ಅತ್ತೆಗೆ ಒಂದು ಕಾಲೇಜಿನಲ್ಲಿ ಸೆಟ್ ಮಾಡಿಸಿದೆವು. ಮಾಡಿದ ಹುಡುಗ ಒಳ್ಳೆಯವನೇ. ಆದರೆ ಎಷ್ಟು ಸಲ ಬರಬೇಕು, ಯಾವತ್ತು ಏನು ಮಾಡುತ್ತಾರೆ ಅಂತ ಯಾರೂ ಹೇಳಲಿಲ್ಲ. ಅತ್ತೆ ಪ್ರತಿ ಸಲವೂ ಇವತ್ತು ಹಲ್ಲು ಕೊಡುತ್ತಾರೆ ಅಂತ ಹೊರಡುವರು. ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಬಾಯಿ ತುಂಬ ಏನೋ ಹಾಕಿಸಿಕೊಂಡು, ಬರಿ ಬಾಯಲ್ಲಿ ವಾಪಸ್. ತೋಟದ ಕೂಲಿ ಆ ದಿನ ಇಲ್ಲ. "ನನ್ ಬಾಯ್ನ ಪಾಠಕ್ಕೆ ಇಟ್ಕೊಂಡವ್ರೆ ಕಣವ್ವ" ಅನ್ನುವರು.

ಕೊನೆಗೆ ಸೆಟ್ ಬಂತು. ಎರಡು ದಿನಕ್ಕೆ ಕೆಳಗಡೆ ನೋವು. ಅತ್ತೆ ತೆಗೆದು ಲೋಟದಲ್ಲಿ ಇಟ್ಟರು. ಮುಂದಿನ ವಾರ ತೋರಿಸಲು ಹೋದಾಗ ಗಾಯ ಮಾಯ್ದಿತ್ತು, ಎಲ್ಲಿ ಉಜ್ಜಬೇಕು ಅಂತ ಹುಡುಗನಿಗೆ ಸಿಗಲಿಲ್ಲ. ಸುಮ್ಮನೆ ವಾಪಸ್ ಬಂದೆವು. ಸೆಟ್ ಈಗಲೂ ಲೋಟದಲ್ಲೇ ಇದೆ. ಮದುವೆ ಮನೆಗೆ ಮಾತ್ರ ಹಾಕುತ್ತಾರೆ, ಫೋಟೋಗೆ.

ಬೇಲೂರು_ರಸ್ತೆ_ಕ್ಲಿನಿಕ್

ಅಮ್ಮ, ನೀವು ಬರೆದದ್ದು ಮೂರನೇ ವರ್ಷದವರೆಲ್ಲಾ ಓದಬೇಕು.

ಅರಕಲಗೂಡು ತಂಗಿ, ಇದನ್ನು ಹೀಗೆ ಹೇಳಬೇಕಿತ್ತು. "ಅಜ್ಜಿ, ಹಾಕಿದ ಮೊದಮೊದಲು ಕೆಲವು ಕಡೆ ಒತ್ತುತ್ತೆ, ಹುಣ್ಣೂ ಆಗಬಹುದು. ನೋವಾದರೆ ತೆಗೆದಿಡಿ. ಆದರೆ ನನ್ನ ಹತ್ರ ಬರೋ ದಿನ ಬೆಳಿಗ್ಗೆಯಿಂದ ಹಾಕ್ಕೊಂಡೇ ಬನ್ನಿ, ಎಲ್ಲಿ ಕೆಂಪಾಗಿದೆ ಅಂತ ನೋಡಿ ಅಷ್ಟೇ ಜಾಗ ತೇಯ್ದು ಕೊಡ್ತೀನಿ." ಈ ಮಾತು ಹೇಳಲು ಒಂದು ನಿಮಿಷ ಸಾಕು. ಹೇಳದಿದ್ದರೆ ಅಷ್ಟು ದಿನದ ಕೆಲಸ ಲೋಟಕ್ಕೆ ಹೋಗುತ್ತದೆ.

ಅತ್ತೆಯವರನ್ನು ಇನ್ನೊಮ್ಮೆ ಕರೆದುಕೊಂಡು ಹೋಗಿ ಅಮ್ಮ. ಹಿಂದಿನ ದಿನ ಸ್ವಲ್ಪ ಹೊತ್ತು, ಹೋಗುವ ದಿನ ಬೆಳಿಗ್ಗೆಯಿಂದ ಹಾಕಿರಲಿ. ಒತ್ತುವ ಜಾಗ ತೋರಿಸುವ ಪೇಸ್ಟ್ ಬರುತ್ತದೆ, ಅದನ್ನು ಹಚ್ಚಿ ನೋಡಿದರೆ ಸಿಗುತ್ತದೆ.

ಆಲೂರು_ಫೈನಲ್_ಇಯರ್

ಇನ್ನೊಂದು ವಿಷಯ. ನಮ್ಮ ಕಡೆಯ ಹಿರಿಯರಿಗೆ ಸೆಟ್ಟಿನ ಅವಸರವೇ ಇಲ್ಲ. "ಮುದ್ದೆ ನುಂಗೋಕೆ ಹಲ್ಲು ಯಾಕ್ ಮಗಾ" ಅನ್ನುತ್ತಾರೆ. ಮುದ್ದೆ ಅಗಿಯುವ ಊಟವೇ ಅಲ್ಲ, ಅದೂ ನಿಜ. ಅಕ್ಕಿ ರೊಟ್ಟಿ, ಎಲೆಅಡಿಕೆ ಅಂದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ. ಅದಕ್ಕೆ ಕೇಸ್ ಶೀಟ್ ತುಂಬುವಾಗ "ನಿಮಗೆ ಹಲ್ಲು ಯಾಕೆ ಬೇಕು" ಅಂತ ಮೊದಲೇ ಕೇಳಬೇಕು. ಮೊಮ್ಮಗಳ ಮದುವೆಗೆ ಅಂದವರಿಗೆ ಮುಖದ ಚಿಂತೆ, ಅಡಿಕೆಗೆ ಅಂದವರಿಗೆ ಅಗಿಯುವ ಚಿಂತೆ. ಹೊಸ ಸೆಟ್ಟಿನಲ್ಲಿ ಅಡಿಕೆ ಕಡಿಯಲು ಆಗುವುದಿಲ್ಲ ಅಂತ ಮುಂಚೆಯೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಪಾಠದ_ಮನೆ

ನಾನು ಈ ವಿಷಯ ಪಾಠ ಮಾಡುವವಳು. ಇಲ್ಲಿ ಎಲ್ಲರೂ ಪೂರ್ತಿ ಸೆಟ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಪೋಸ್ಟಿಂಗ್‌ಗೆ ಹೋದಾಗ ಎದುರಾಗುವವರಲ್ಲಿ ಬೇಕಾದಷ್ಟು ಮಂದಿಗೆ ಅಲ್ಲೊಂದು ಇಲ್ಲೊಂದು ಹಲ್ಲು ಉಳಿದಿರುತ್ತದೆ. ಅವರಿಗೆ ಬೇಕಾದ್ದು ಪಾರ್ಷಿಯಲ್, ಅಂದರೆ ಹೋದ ಹಲ್ಲುಗಳ ಜಾಗಕ್ಕೆ ಮಾತ್ರ ಸೆಟ್. ಇದರ ತಯಾರಿ ಪೂರ್ತಿ ಸೆಟ್‌ಗಿಂತ ಕಡಿಮೆ ಆಗಿರುತ್ತದೆ ಅನ್ನುವುದು ನನ್ನ ಹಳೆಯ ದೂರು.

1925ರಲ್ಲಿ ಕೆನಡಿ ಮಾಡಿದ ನಾಲ್ಕು ವರ್ಗ ಎಲ್ಲರಿಗೂ ಬಾಯಲ್ಲಿದೆ. ಎರಡೂ ಕಡೆ ಹಿಂದೆ ಹಲ್ಲಿಲ್ಲದಿದ್ದರೆ ಒಂದನೆಯದು, ಒಂದೇ ಕಡೆ ಆದರೆ ಎರಡನೆಯದು, ಆಚೆ ಈಚೆ ಹಲ್ಲಿದ್ದು ನಡುವೆ ಖಾಲಿ ಇದ್ದರೆ ಮೂರನೆಯದು, ಮುಂದೆ ನಡುಗೆರೆ ದಾಟಿ ಖಾಲಿ ಇದ್ದರೆ ನಾಲ್ಕನೆಯದು. ಬಾಯಿ ನೋಡಿ ವರ್ಗ ಹೇಳುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ನಾನು ಕೇಳುವುದು ಮುಂದಿನದು. ಒಂದನೆಯ ವರ್ಗದಲ್ಲಿ ಹಿಂದುಗಡೆ ಸೆಟ್ ಒಸಡಿನ ಮೇಲೆ ಕೂತಿದೆ, ಮುಂದುಗಡೆ ಹಲ್ಲಿನ ಮೇಲೆ. ಒಸಡು ತಗ್ಗುತ್ತದೆ, ಹಲ್ಲು ಅಷ್ಟು ತಗ್ಗುವುದಿಲ್ಲ. ಹಾಗಾದರೆ ಅಗಿದಾಗ ಆ ಕೊನೆಯ ಹಲ್ಲಿನ ಮೇಲೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಯೋಚಿಸಿದವರಿಗೆ ಕ್ಲಾಸ್ಪ್ (ಹಲ್ಲನ್ನು ಹಿಡಿಯುವ ಕೊಂಡಿ) ಎಲ್ಲಿ ಹಾಕಬೇಕು, ರೆಸ್ಟ್ (ಹಲ್ಲಿನ ಮೇಲೆ ಕೂರುವ ಆಧಾರ) ಯಾಕೆ ಬೇಕು ಎಲ್ಲಾ ತಾನಾಗಿ ಬರುತ್ತದೆ.

ಈ ದಿನಗಳಲ್ಲಿ ಮಾಡಬಹುದಾದ್ದು: ವಿಭಾಗದಲ್ಲಿ ಹಳೆಯ ಕಾಸ್ಟ್‌ಗಳು ರಾಶಿ ಬಿದ್ದಿರುತ್ತವೆ, ಕೇಳಿ ತಗೊಳ್ಳಿ. ಸರ್ವೇಯರ್ (ಕಾಸ್ಟಿನ ಉಬ್ಬು ತಗ್ಗು ಗುರುತಿಸುವ ಸಾಧನ) ಮೇಲೆ ಇಟ್ಟು ಓರೆ ಮಾಡಿ, ನೇರ ಮಾಡಿ, ಗೆರೆ ಎಳೆಯಿರಿ. ಕಾಸ್ಟ್ ವಾಲಿಸಿದ ಹಾಗೆ ಅಂಡರ್‌ಕಟ್ (ಉಬ್ಬಿನ ಕೆಳಗಿನ ತಗ್ಗು) ಜಾಗ ಬದಲಾಗುವುದು ಕಣ್ಣಿಗೆ ಕಾಣಬೇಕು. 19 ಗೇಜ್ ತಂತಿಯಲ್ಲಿ ಸಿ ಕ್ಲಾಸ್ಪ್ ಬಗ್ಗಿಸಿ. ಒಂದೇ ಜಾಗದಲ್ಲಿ ಬಗ್ಗಿಸಿ ನೇರ ಮಾಡಿ ಮತ್ತೆ ಬಗ್ಗಿಸಿದರೆ ತಂತಿ ಅಲ್ಲೇ ದಣಿದು, ರೋಗಿಯ ಬಾಯಲ್ಲಿ ಮುರಿಯುತ್ತದೆ. ಹಾಳಾದರೆ ಹೊಸ ತುಂಡು ತಗೊಳ್ಳಿ.

ಇನ್ನೊಂದು ನಮ್ಮ ಜಿಲ್ಲೆಯ ವಿಷಯ. ಅಡಿಕೆ, ಗುಟ್ಕಾ ಅಗಿದು ಬಾಯಿ ಬಿಗಿದವರು ಬರುತ್ತಾರೆ. ಎರಡು ಬೆರಳೂ ಒಳಗೆ ಹೋಗುವುದಿಲ್ಲ. ಟ್ರೇ ಆರಿಸುವ ಮುಂಚೆ ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆಯಿರಿ. ಕೆನ್ನೆ ಒಳಗೆ ಬಿಳಿಚಿ ಪಟ್ಟಿ ಪಟ್ಟಿಯಾಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಅನುಮಾನ ಬಂದರೆ ಮೊದಲು ಓರಲ್ ಮೆಡಿಸಿನ್ ವಿಭಾಗಕ್ಕೆ ಕಳಿಸಿ, ಸೆಟ್ ಆಮೇಲೆ. ಶುಗರ್, ಬಿಪಿ ಮಾತ್ರೆ ಏನು ತಗೊಳ್ಳುತ್ತಾರೆ ಅಂತಲೂ ಕೇಳಬೇಕು. ಕೆಲವು ಮಾತ್ರೆಗೆ ಬಾಯಿ ಒಣಗುತ್ತದೆ. ಒಣಬಾಯಲ್ಲಿ ಸೆಟ್ ಹಿಡಿದು ನಿಲ್ಲುವುದಿಲ್ಲ, ಜಿಂಕ್ ಆಕ್ಸೈಡ್ ಪೇಸ್ಟ್ ಉರಿಯುತ್ತದೆ.

ಅರಕಲಗೂಡು_ಬಿಡಿಎಸ್

ಧನ್ಯವಾದ ಮೇಡಂ. ಒಂದು ಪ್ರಶ್ನೆ. ವರ್ಟಿಕಲ್ ಡೈಮೆನ್ಷನ್ (ಮುಖದ ಕೆಳಭಾಗದ ಎತ್ತರ) ಅಳೆಯುವುದು ನನಗೆ ಇನ್ನೂ ತಲೆಗೆ ಹತ್ತಿಲ್ಲ. ಮೂಗಿನ ತುದಿಯಲ್ಲಿ ಒಂದು ಚುಕ್ಕಿ, ಗದ್ದದ ಮೇಲೆ ಒಂದು ಚುಕ್ಕಿ ಇಟ್ಟು ಅಳೆಯುವುದು ಓದಿದ್ದೇನೆ. ಆದರೆ ಅವತ್ತು ಸೀನಿಯರ್ ಅಳೆದಾಗ ಪ್ರತಿ ಸಲ ಬೇರೆ ಬೇರೆ ಬರುತ್ತಿತ್ತು.

ಇಂಟರ್ನ್_ವಿದ್ಯಾನಗರ

ಬರುತ್ತದೆ. ಗದ್ದದ ಚರ್ಮ ಜೋಲುತ್ತದೆ, ಸ್ಕೇಲ್ ತಾಗಿಸಿದರೂ ಸರಿಯುತ್ತದೆ. ಗಡ್ಡ ಬಿಟ್ಟ ತಾತ ಬಂದರೆ ಚುಕ್ಕಿ ಇಡಲು ಜಾಗವೇ ಇಲ್ಲ! ಚಿಕ್ಕ ಟೇಪ್ ತುಂಡು ಅಂಟಿಸಿ ಅದರ ಮೇಲೆ ಗುರುತು ಮಾಡು, ಸ್ಕೇಲನ್ನು ಚರ್ಮಕ್ಕೆ ಒತ್ತಬೇಡ. ತಲೆಯನ್ನು ಚೇರಿಗೆ ಒರಗಿಸದೆ ನೆಟ್ಟಗೆ ಕೂರಿಸು.

ಮುಖ್ಯ ಅಂದರೆ ರೋಗಿ ಸಡಿಲವಾಗಿರಬೇಕು. "ಬಾಯಿ ಸಡಿಲ ಬಿಡಿ" ಅಂದರೆ ಯಾರೂ ಬಿಡುವುದಿಲ್ಲ, ಇನ್ನೂ ಬಿಗಿಯುತ್ತಾರೆ. ಉಗುಳು ನುಂಗಿಸಿ, "ಅಮ್ಮ" ಅನ್ನಿಸಿ, ಊರಿನ ಮಾತು ಎತ್ತಿ, ಮಾತು ನಿಂತ ಆ ಕ್ಷಣದಲ್ಲಿ ಅಳೆ. ಹಲವು ಸಲ ಅಳೆದು ಹತ್ತಿರ ಬಂದದ್ದನ್ನು ಇಟ್ಟುಕೋ. ಆಮೇಲೆ ರಿಮ್ ಕಚ್ಚಿಸಿ ಅಳೆದಾಗ 2ರಿಂದ 4 ಮಿ.ಮೀ. ಕಡಿಮೆ ಬರಬೇಕು.

ಪಾಠದ_ಮನೆ

ಸರಿಯಾಗಿ ಹೇಳಿದಿರಿ. ಬರಿ ಅಳತೆ ನಂಬದೆ ಮಾತಾಡಿಸಿಯೂ ನೋಡಿ. ಸಾಸಿವೆ, ಸೊಸೆ, ಹಾಸನ ಅಂತ ಬೇಗ ಬೇಗ ಹೇಳಿಸಿ. ಆಗ ರಿಮ್‌ಗಳು ತೀರಾ ಹತ್ತಿರ ಬರಬೇಕು, ತಾಗಬಾರದು. ಟಕ್ ಟಕ್ ಅಂತ ಬಡಿದರೆ ಎತ್ತರ ಜಾಸ್ತಿ. ಎತ್ತರ ಜಾಸ್ತಿ ಆದ ಸೆಟ್ಟಿನಲ್ಲಿ ಯಾವ ಒಂದು ಜಾಗ ಅಂತಲ್ಲ, ಇಡೀ ಒಸಡು ನೋಯುತ್ತದೆ. ಕಡಿಮೆ ಆದರೆ ಗದ್ದ ಮೂಗಿನ ಹತ್ತಿರ ಬಂದು ಮುಖ ಮುದುಡುತ್ತದೆ, ತುಟಿಯ ಮೂಲೆ ಒಡೆಯುತ್ತದೆ.

ಸೆಂಟ್ರಿಕ್ (ಕೆಳದವಡೆ ಹಿಂದೆ ಕೂರುವ ಸರಿಯಾದ ಸ್ಥಾನ) ಬಗ್ಗೆಯೂ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಹಲ್ಲಿಲ್ಲದವರು ಮುಂದಿನ ಒಸಡಲ್ಲೇ ಜಗಿದು ಅಭ್ಯಾಸವಾಗಿ, ಕಚ್ಚಿ ಅಂದ ತಕ್ಷಣ ದವಡೆ ಮುಂದೆ ತರುತ್ತಾರೆ. "ಹಿಂದೆ ಕಚ್ಚಿ" ಅಂದರೆ ಅರ್ಥವಾಗುವುದಿಲ್ಲ. ಮೇಲಿನ ಬೇಸಿನ ಹಿಂದಿನ ಅಂಚಿನ ನಡುವೆ ಒಂದು ಪುಟ್ಟ ಮೇಣದ ಉಂಡೆ ಅಂಟಿಸಿ, "ಅಜ್ಜಿ, ನಾಲಿಗೆ ತುದೀಲಿ ಆ ಉಂಡೆ ಮುಟ್ಕೊಂಡೇ ಬಾಯಿ ಮುಚ್ಚಿ" ಅನ್ನಿ. ದವಡೆ ತಾನಾಗಿ ಹಿಂದೆ ಹೋಗುತ್ತದೆ. ಇದನ್ನು ಮನೆಯಲ್ಲಿ ಅಜ್ಜ ಅಜ್ಜಿಗೆ ಹೇಳಿ ನೋಡಿ. ಮೊದಲ ಸಲಕ್ಕೇ ಅರ್ಥವಾಗುವ ಹಾಗೆ ಹೇಳಲು ಬಂದರೆ ಕ್ಲಿನಿಕ್‌ನಲ್ಲಿ ಅರ್ಧ ಗಂಟೆ ಉಳಿಯುತ್ತದೆ.

ಸಕಲೇಶಪುರ_ಸೊಸೆ

ಹಲ್ಲಿನ ಬಣ್ಣ ಯಾರು ಆರಿಸುವುದು? ಅತ್ತೆಗೆ ಕೇಳಿರಲೇ ಇಲ್ಲ.

ಬೇಲೂರು_ರಸ್ತೆ_ಕ್ಲಿನಿಕ್

ಕೇಳಬೇಕು ಅಮ್ಮ. ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿ ಇಟ್ಟು ತೋರಿಸುವ ಟ್ರೈ ಇನ್ ಇರುವುದೇ ಅದಕ್ಕೆ. ಆ ದಿನ ಮನೆಯವರು ಒಬ್ಬರು ಜೊತೆಗೆ ಬರಲಿ ಅಂತ ನಾನು ಹಿಂದಿನ ಸಲವೇ ಹೇಳಿ ಕಳಿಸುತ್ತೇನೆ. ಕನ್ನಡಿ ಕೊಟ್ಟು, ಮಗಳೋ ಸೊಸೆಯೋ ನೋಡಿ ಸರಿ ಅಂದ ಮೇಲೆಯೇ ಕ್ಯೂರಿಂಗ್‌ಗೆ. ಮೇಣದಲ್ಲಿ ಇರುವಾಗ ಹಲ್ಲು ಬದಲಿಸಬಹುದು. ಅಕ್ರಿಲಿಕ್ ಆದ ಮೇಲೆ "ಇದು ನಮ್ಮಮ್ಮನ ಮುಖವೇ ಅಲ್ಲ" ಅಂದರೆ ಏನು ಮಾಡುವುದು? ಮೂರನೇ ವರ್ಷದವರು ಸ್ಟಾಫ್ ಸೈನ್ ಹಾಕಿಸುವ ಗಡಿಬಿಡಿಯಲ್ಲಿ ಕನ್ನಡಿ ಕೊಡುವುದನ್ನೇ ಮರೆಯುತ್ತಾರೆ.

ಆಲೂರು_ಫೈನಲ್_ಇಯರ್

ಪೇಷೆಂಟ್ ಹುಡುಕುವ ಬಗ್ಗೆ ಮತ್ತೆ ಬರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಬೊಚ್ಚು ಬಾಯಿ ಕಂಡವರನ್ನೆಲ್ಲಾ "ಫ್ರೀ ಸೆಟ್" ಅಂತ ಕರೆತರುವ ಗೆಳೆಯರಿದ್ದಾರೆ. ಆಮೇಲೆ ಲ್ಯಾಬ್ ಚಾರ್ಜ್ ಎಷ್ಟು ಅಂತ ಗೊತ್ತಾಗಿ ಅವರು ಎದ್ದು ಹೋಗುತ್ತಾರೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರದ ದಂತಭಾಗ್ಯ ಅಂತ ಯೋಜನೆ ಬಂದಿತ್ತಲ್ಲ, ಅದು ಈ ರೋಗಿಗೆ ಸಿಗುತ್ತದಾ ಅಂತ ಮೊದಲೇ ವಿಭಾಗದಲ್ಲಿ ವಿಚಾರಿಸಿ, ಎಷ್ಟು ಖರ್ಚು ಅಂತ ನೇರವಾಗಿ ಹೇಳಿ ಕರೆಯಿರಿ. ಹಲ್ಲು ಕೀಳಿಸಿ ಹತ್ತು ದಿನ ಆದವರನ್ನು ತಂದು ಕೂರಿಸಬೇಡಿ. ಒಸಡು ಮಾಯಲು ಆರೆಂಟು ವಾರವಾದರೂ ಬೇಕು.

ಪಾಠದ_ಮನೆ

ಪರೀಕ್ಷೆಗೆ ಕರೆತಂದ ರೋಗಿಯ ಫೋನನ್ನು ಪರೀಕ್ಷೆ ಮುಗಿದ ಮೇಲೂ ಎತ್ತಿ. ಬೇರೇನೂ ಹೇಳುವುದಿಲ್ಲ.

ಅರಕಲಗೂಡು_ಬಿಡಿಎಸ್

ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಳೆ ಗೆಳತಿ ಜೊತೆ ಬೆರಳಿಟ್ಟು ನೋಡುವುದು ಶುರು ಮಾಡುತ್ತೇನೆ. ಅಜ್ಜಿ ಊರಲ್ಲಿದ್ದಾರೆ, ಅವರಿಗೂ ಹಲ್ಲಿಲ್ಲ. ಆ ಉಂಡೆಯ ಉಪಾಯಕ್ಕೆ ಈಗ ಮೇಣ ಇಲ್ಲ, "ನಾಲಿಗೆ ಹಿಂದೆ ಮಡಚಿ ಬಾಯಿ ಮುಚ್ಚು" ಅಂತ ಫೋನಿನಲ್ಲೇ ಹೇಳಿ ನೋಡಿದೆ. "ಏನ್ ಹೇಳ್ತಿದೀಯೋ ಒಂದೂ ಗೊತ್ತಾಗ್ತಿಲ್ಲ" ಅಂದರು. ಭಾನುವಾರ ಊರಿಗೆ ಹೋದಾಗ ಎದುರು ಕೂತು ಹೇಳುತ್ತೇನೆ.

ಒಂದು ಕೇಸ್ ಪೂರ್ತಿ ಅಸಿಸ್ಟ್ ಮಾಡಲು ಯಾರಾದರೂ ಸೇರಿಸಿಕೊಳ್ಳುತ್ತೀರಾ?

ಇಂಟರ್ನ್_ವಿದ್ಯಾನಗರ

ಗುರುವಾರ ಮಧ್ಯಾಹ್ನ ಹೊಳೆನರಸೀಪುರದಿಂದ ಒಬ್ಬರು ತಾತ ಬರುತ್ತಾರೆ, ಬಾರ್ಡರ್ ಮೌಲ್ಡಿಂಗ್ (ಗ್ರೀನ್ ಸ್ಟಿಕ್ ಹಚ್ಚಿ ಅಂಚು ಮಾಡುವುದು) ಇದೆ. ಪ್ರೈಮರಿ (ಮೊದಲ ಇಂಪ್ರೆಷನ್) ಆಗಿದೆ, ಅದೊಂದು ನಿನಗೆ ತಪ್ಪಿತು, ಮುಂದಿನದೆಲ್ಲಾ ನೋಡಬಹುದು. ಟ್ರೇ ಬುಧವಾರವೇ ಮಾಡೋಣ, ಸಂಜೆ ಲ್ಯಾಬಿಗೆ ಬಾ. ಮೇಡಂ ಹತ್ರ ಪರ್ಮಿಷನ್ ಮಾತ್ರ ನೀನೇ ಕೇಳಬೇಕು. ತಾತನಿಗೆ ಕಿವಿ ಸ್ವಲ್ಪ ಮಂದ, ಎಡಗಡೆ ನಿಂತು ಮಾತಾಡು.